ತಲೆಗೆ ಬಿಸಿನೀರು ಬಿದ್ದಾಗ

ಬಿಸಿನೀರಿನ ಮೂರ್ಛೆ ಎಂದರೆ ತಲೆಗೆ ನೀರು ಹುಯ್ದುಕೊಳ್ಳುವಾಗ ಬರುವ ಅಪಸ್ಮಾರ. ಮೈಗಷ್ಟೇ ನೀರು ಹಾಕಿಕೊಂಡ ದಿನ ಇದು ಸಾಮಾನ್ಯವಾಗಿ ತಲೆದೋರದು. ಸುಡುಸುಡು ನೀರು ಚೊಂಬಿನ ಮೇಲೆ ಚೊಂಬು ನೆತ್ತಿಗೆ ಬೀಳಬೇಕು. ಹಂಡೆಗೆ ಉರಿ ಹಾಕಿ, ಎಣ್ಣೆ ಹಚ್ಚಿ, ಒಂದಷ್ಟು ದಿನಕ್ಕೊಮ್ಮೆ ತಲೆಸ್ನಾನ ಮಾಡುವ ವಾಡಿಕೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಮನೆಗಳಿಗೆ ಹೊಸದಲ್ಲ. ಜಗತ್ತಿನಲ್ಲಿ ಈ ಕಾಯಿಲೆ ಅತಿ ಹೆಚ್ಚು ದಾಖಲಾಗಿರುವುದು ಇಂಥ ಸ್ನಾನದ ದಕ್ಷಿಣ ಕರ್ನಾಟಕದಲ್ಲೇ.

ಮೊದಲ ವರದಿ 1945ರದು, ನ್ಯೂಜಿಲೆಂಡಿನಿಂದ. ಇಲ್ಲಿ ಅದನ್ನು ಗುರುತಿಸಿ 1968ರಲ್ಲಿ ಬರೆದವರು ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ. ಮುಂದೆ ಯಳಂದೂರಿನಲ್ಲಿ ಅವರ ತಂಡ ನಡೆಸಿದ ಸಮೀಕ್ಷೆಯಲ್ಲಿ ಲಕ್ಷ ಜನರಿಗೆ 255 ಮಂದಿಯಲ್ಲಿ ಇದು ಕಂಡಿತು.

ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಒಂದು ಲಕ್ಷಣ. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ 279 ರೋಗಿಗಳ ಅಧ್ಯಯನದಲ್ಲಿ ಹತ್ತರಲ್ಲೊಬ್ಬರಷ್ಟು ಮಂದಿಗೆ ಬಿಸಿನೀರು ಬಿದ್ದೊಡನೆ ವಿಚಿತ್ರ ಸುಖ. ಇನ್ನೂ, ಇನ್ನೂ ಹುಯ್ದುಕೊಳ್ಳಬೇಕೆಂಬ ತಡೆಯಲಾಗದ ಆಸೆ. ಪ್ರಜ್ಞೆ ತಪ್ಪುವವರೆಗೆ ಚೊಂಬು ಕೆಳಗಿಡುವುದಿಲ್ಲ. ಬಚ್ಚಲ ಬಾಗಿಲಾಚೆ ನಿಂತ ಮನೆಯವರಿಗೆ ಅದು ಹಟ, ಕೆಟ್ಟ ಚಟ. ಆದರೆ ಆ ಆಸೆಯನ್ನು ಸ್ವಭಾವದ ಲೆಕ್ಕಕ್ಕೆ ಹಾಕುವುದು ಅನ್ಯಾಯ. ಮೂರ್ಛೆಯ ವೇಳೆ ಮಿದುಳಿನ ರಕ್ತಸಂಚಾರ ತೋರಿಸುವ ಸ್ಪೆಕ್ಟ್ ಚಿತ್ರಗಳಲ್ಲಿ, ಕಪೋಲ ಹಾಲೆಯ ಒಳಭಾಗ ಮತ್ತು ಹೈಪೊಥಲಾಮಸ್ ಚುರುಕಾಗಿದ್ದವು. ಮೊದಲನೆಯದು ಭಾವನೆ, ನೆನಪುಗಳ ನೆಲೆ. ಎರಡನೆಯದು ಮೈಯ ಬಿಸಿಯನ್ನು ಹದದಲ್ಲಿಡುವ ಕೇಂದ್ರ. ಮಾಮೂಲಿ ಎಂಆರ್‌ಐ ಬಹುತೇಕರಲ್ಲಿ ಏನನ್ನೂ ತೋರಿಸದು. ರೋಗವಿಲ್ಲ ಎಂದು ಅದರ ಅರ್ಥವಲ್ಲ.

ಅಪಸ್ಮಾರಕ್ಕೂ ಸ್ವಭಾವಕ್ಕೂ ನಂಟು ಕಟ್ಟುವ ಮಾತು ಹಳೆಯದು. ಕಪೋಲ ಹಾಲೆಯ ಮೂರ್ಛೆಯವರಲ್ಲಿ ಅತಿಬರವಣಿಗೆ, ಅತಿಧಾರ್ಮಿಕತೆ ಇರುತ್ತವೆಂದು ಅಮೆರಿಕದ ನಾರ್ಮನ್ ಗೆಶ್ವಿಂಡ್ 1970ರ ದಶಕದಲ್ಲಿ ಹೇಳಿದರು. ಎಲ್ಲರಿಗೂ ಹೊಂದುವ ಅಂಥ ಅಚ್ಚು ಇದೆಯೆಂಬುದನ್ನು ನಂತರದ ಅಧ್ಯಯನಗಳು ಗಟ್ಟಿಯಾಗಿ ಸ್ಥಾಪಿಸಲಿಲ್ಲ. ಅಪಸ್ಮಾರವಿರುವವರಲ್ಲಿ ಬೇಸರ, ಆತಂಕಗಳು ಹೆಚ್ಚು ಕಾಣುವುದು ನಿಜ. ಅದರಲ್ಲಿ ರೋಗದ ಪಾಲೆಷ್ಟೋ ಜನರ ಹಳಿಯುವಿಕೆಯ ಪಾಲೂ ಅಷ್ಟೇ ಇರಬಹುದು.

ಬಿಸಿನೀರಿನ ಮೂರ್ಛೆಗೆ ಚಿಕಿತ್ಸೆ ಸರಳ: ತಲೆಗೆ ಉಗುರುಬೆಚ್ಚಗಿನ ನೀರು. ಅದು ಸಾಲದವರಿಗೆ, ವೈದ್ಯರ ಸಲಹೆಯಂತೆ, ತಲೆಸ್ನಾನಕ್ಕೆ ಒಂದೂವರೆ, ಎರಡು ಗಂಟೆ ಮುಂಚೆ ಕ್ಲೋಬಜಾಮ್ ಮಾತ್ರೆ. ಕೆಲವರಿಗೆ ವರ್ಷಗಳ ಮೇಲೆ ಸ್ನಾನವಿಲ್ಲದೆಯೂ ಫಿಟ್ಸ್ ಶುರುವಾಗುತ್ತದೆ. ಅವರಿಗೆ ದಿನದಿನದ ಔಷಧಿ ಬೇಕು.