ಅಲ್ಪಶಕ್ತಿಯ ಮಹಿಮೆ

ಶಕ್ತಿಯೆಂದರೆ ಹೊಡೆದು ಕೆಡಹುವುದೆಂದೇ ಲೋಕವು ತಿಳಿದಿರುವುದು. ಪಶ್ಚಿಮ ಮತ್ತು ಮಧ್ಯ ಆಫ್ರಿಕದ ನೈಜರ್, ಕಾಂಗೋ ಮೊದಲಾದ ನದಿಗಳಲ್ಲಿ ವಾಸಿಸುವ ಗೇಣುದ್ದದ ಒಂದು ಮೀನು ಈ ತಿಳಿವಳಿಕೆಯನ್ನು ತಿದ್ದುವಂತಿದೆ. ಅದರ ವೃತ್ತಾಂತವನ್ನು ನಮ್ಮ ವಾಚಕರ ಮುಂದಿಡಬಯಸುತ್ತೇವೆ.

ಶಾಸ್ತ್ರಜ್ಞರು ಇದನ್ನು ಗ್ನಾಥೊನೀಮಸ್ ಪೀಟರ್ಸಿ ಎಂದು ಕರೆಯುವರು. 1862ರಲ್ಲಿ ಗುಂಥರನು ಇದನ್ನು ಮೊದಲು ವರ್ಣಿಸಿದನು. ಜನರು ಕೊಟ್ಟ ಹೆಸರು ಆನೆಮೂಗಿನ ಮೀನು. ಆದರೆ ಮುಂದಕ್ಕೆ ಚಾಚಿದ ಆ ಅಂಗವು ಮೂಗಲ್ಲ. ಗಲ್ಲದಿಂದ ಬೆಳೆದ ಮಾಂಸದ ಬೆರಳು.

ಹಗಲೆಲ್ಲ ಮರೆಯಲ್ಲಿ ಅಡಗಿದ್ದು ಇರುಳಾದೊಡನೆ ಈ ಮೀನು ಆಹಾರಕ್ಕೆ ಹೊರಡುವುದು. ಕತ್ತಲೆ, ಅದರ ಮೇಲೆ ಕದಡಿದ ನೀರು. ಕಣ್ಣಿನ ಪ್ರಯೋಜನವು ಅಲ್ಪವೇ. ಆಗ ಬಾಲದ ಬುಡದಲ್ಲಿರುವ ವಿದ್ಯುದಂಗವು ನೆರವಾಗುವುದು. ಅದು ಬಿಡುವ ಮಿಡಿತಗಳು ಅತಿ ಕ್ಷೀಣ. ದಕ್ಷಿಣ ಅಮೆರಿಕದ ವಿದ್ಯುತ್ ಹಾವುಮೀನಿನಂತೆ ಬೇಟೆಯನ್ನು ಬೀಳಿಸುವ ಬಲ ಅವಕ್ಕಿಲ್ಲ. ಆದರೆ ಪ್ರತಿಯೊಂದು ಮಿಡಿತದಿಂದಲೂ ಮೀನಿನ ಸುತ್ತ ವಿದ್ಯುತ್ ಕ್ಷೇತ್ರವೊಂದು ಹರಡುವುದು. ಕಲ್ಲು ಎದುರಾದರೆ ಪ್ರವಾಹವು ಬಳಸಿ ಹೋಗುವುದು. ಹುಳುವು ಎದುರಾದರೆ ಅದರೊಳಗೇ ಹಾಯುವುದು. ಈ ಭೇದವನ್ನು ಚರ್ಮದ ಸೂಕ್ಷ್ಮೇಂದ್ರಿಯಗಳು ಗ್ರಹಿಸುವುವು. ಅವು ಗಲ್ಲದ ಬೆರಳಿನಲ್ಲಿ ಬಹು ದಟ್ಟವಾಗಿರುವುದರಿಂದ, ಅದನ್ನು ಅತ್ತಿತ್ತ ಬೀಸುತ್ತ ಕೆಸರಿನಲ್ಲಿ ಹುದುಗಿದ ಕೀಟಗಳ ಮರಿಗಳನ್ನು ಮೀನು ಹುಡುಕಿ ತಿನ್ನುವುದು. ಸ್ವಜಾತಿಯೊಡನೆ ಸಂಭಾಷಣೆಯೂ ಈ ಮಿಡಿತಗಳಿಂದಲೇ.

ಮೀನುಗಳ ವಿದ್ಯುದಂಗಗಳು ಹೇಗೆ ಹುಟ್ಟಿದುವೆಂಬುದು ತನಗೆ ವಿಶೇಷ ತೊಡಕೆಂದು ಡಾರ್ವಿನ್ನನು 1859ರ ಗ್ರಂಥದಲ್ಲಿ ಒಪ್ಪಿದ್ದನು. ಇಷ್ಟು ದುರ್ಬಲವಾದ ಅಂಗವೇತಕ್ಕೆಂಬ ಪ್ರಶ್ನೆಯೂ ಬಹುಕಾಲ ಉಳಿದಿತ್ತು. 1951ರಲ್ಲಿ ಕೇಂಬ್ರಿಜ್ಜಿನ ಲಿಸ್ಮನ್ನನು ಇದರ ಬಂಧುವಾದ ಜಿಮ್ನಾರ್ಕಸ್ ಮೀನಿನ ಬಾಲದಿಂದ ಎಡೆಬಿಡದೆ ವಿದ್ಯುತ್ ಸಂಕೇತಗಳು ಹೊರಡುವುದನ್ನು ಪ್ರಕಟಿಸಿದನು. 1958ರಲ್ಲಿ ಮೇಚಿನ್ನನೊಡಗೂಡಿ, ಆ ಮೀನು ವಿದ್ಯುತ್ತಿನಿಂದಲೇ ವಸ್ತುಗಳನ್ನು ಅರಿಯುವ ಬಗೆಯನ್ನು ವಿವರಿಸಿದನು.

ಅರಿವಿಗೆ ತೆರಬೇಕಾದ ಬೆಲೆಯೂ ಉಂಟು. ಆನೆಮೂಗಿನ ಮೀನಿನ ಮಿದುಳು ದೇಹತೂಕದ ಶೇಕಡ 3ರಷ್ಟು; ಆದರೆ ದೇಹವು ಬಳಸುವ ಆಮ್ಲಜನಕದಲ್ಲಿ ಸುಮಾರು ಶೇಕಡ 60 ಅದಕ್ಕೇ ಸಲ್ಲುವುದೆಂದು 1996ರಲ್ಲಿ ಪ್ರಕಟವಾಯಿತು. ತನ್ನ ಬುದ್ಧಿಗೆ ಎಣೆಯಿಲ್ಲವೆನ್ನುವ ಮನುಷ್ಯನ ಮಿದುಳಿಗೆ ಸಲ್ಲುವುದು ಸುಮಾರು ಶೇಕಡ 20 ಮಾತ್ರ!

ನೀರಿನಲ್ಲಿ ವಿಷ ಬೆರೆತರೆ ಈ ಮೀನಿನ ಮಿಡಿತದ ಗತಿಯು ಬದಲಾಗುವುದು. ಇದನ್ನರಿತು ಜರ್ಮನರು ಕುಡಿಯುವ ನೀರಿನ ಪರೀಕ್ಷೆಗೆ ಇದನ್ನು ಬಳಸಿದರು. ಕೆಸರು ಇದಕ್ಕೆ ತೊಡಕಲ್ಲ. ಮನುಷ್ಯನು ಹೊಳೆಗೆ ಬಿಡುವ ವಿಷವೇ ತೊಡಕು. ಗೆಲ್ಲುವ ಬಲವಿಲ್ಲದ ಈ ಜೀವಿಯು ಅರಿಯುವ ಬಲದಿಂದ ಬಾಳಿದೆ. ಅದು ಸಾರುವ ಎಚ್ಚರಿಕೆಗೆ ಕಿವಿಗೊಡುವುದು ನಮ್ಮ ಹಿತಕ್ಕೇ ಎಂದು ನಾವು ಭಾವಿಸುತ್ತೇವೆ.