ಏಳು ಯೂನಿಟ್ಟಿನ ಲೆಕ್ಕ

ನಮ್ಮ ಅಡುಗೆಮನೆ ಗೋಡೆಯಲ್ಲಿ ಅತ್ತೆಯ ಕಾಲದ ಬಾಗಿದ ತಂತಿಯೊಂದಿದೆ. ಕರೆಂಟು, ನೀರಿನ ಬಿಲ್ಲುಗಳನ್ನೆಲ್ಲ ಚುಚ್ಚಿಡುವುದು ಅದಕ್ಕೇ. ಒಲೆಯ ಶಾಖಕ್ಕೆ ಹಳೇ ಚೀಟಿಗಳು ಕಪ್ಪಿಟ್ಟಿವೆ.

2025ರ ಏಪ್ರಿಲ್ ಬೆಂಗಳೂರಿನ ಸಂಸಾರಗಳಿಗೆ ಭಾರವಾದ ತಿಂಗಳು. 2014ರಿಂದ ಅಲುಗಾಡದಿದ್ದ ನೀರಿನ ದರ ಏರಿತು. ನೀರಿನ ಬಗ್ಗೆ ನನ್ನದು ದೊಡ್ಡ ತಕರಾರಿಲ್ಲ. ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯನ್ನು ಪಂಪು ಮಾಡಿ, ಎತ್ತರದ ಈ ಊರಿಗೆ ಹತ್ತಿಸಬೇಕಲ್ಲ, ಅದಕ್ಕೂ ಕರೆಂಟೇ ಬೇಕು. ಆಸ್ತಿ ತೆರಿಗೆಯ ಜೊತೆಗೆ ಕಸದ ಶುಲ್ಕವೂ ಬಂತು. ನಮ್ಮದು 1,100 ಚದರಡಿ ಮನೆ, ತಿಂಗಳಿಗೆ 100 ರೂಪಾಯಿ. ವರ್ಷಕ್ಕೆ 1,200 ಅಂದಾಗ ಮಾತ್ರ ಚುರುಕ್ಕೆಂದಿತು.

ನಿಜವಾದ ಪೆಟ್ಟು ಕರೆಂಟಿನದು. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ತನಕ ಉಚಿತ ಎಂದು ನಾವು ನಿಶ್ಚಿಂತೆಯಿಂದಿದ್ದೆವು. ಅಸಲಿಗೆ ಪ್ರತಿ ಮನೆಯ ಹಿಂದಿನ ಸರಾಸರಿ ಬಳಕೆಗೆ ಒಂದಿಷ್ಟು ಸೇರಿಸಿದಷ್ಟೇ ಉಚಿತ, ಮೀರಿದಷ್ಟಕ್ಕೆ ದುಡ್ಡು. 200 ದಾಟಿತೋ, ಇಡೀ ಬಿಲ್ಲು ನಮ್ಮ ತಲೆಗೆ. ಮೇ ತಿಂಗಳಲ್ಲಿ ಮಗಳು, ಮೊಮ್ಮಕ್ಕಳು ಬಂದಿದ್ದರು. ಫ್ಯಾನು, ಮಿಕ್ಸಿ, ಗೀಸರು ಒಂದಕ್ಕೂ ಬಿಡುವಿಲ್ಲ. 207 ಯೂನಿಟ್! ಸೊನ್ನೆ ಇರುತ್ತಿದ್ದ ಜಾಗದಲ್ಲಿ ಸಾವಿರದ ಎಂಟುನೂರು ಚಿಲ್ಲರೆ. ಅದರಲ್ಲಿ ನಿಗದಿತ ಶುಲ್ಕವೇ 435: ಕಿಲೋವ್ಯಾಟಿಗೆ 120 ಇದ್ದದ್ದು 145 ಆಗಿತ್ತು, ನಮ್ಮದು ಮೂರು ಕಿಲೋವ್ಯಾಟ್. ಯೂನಿಟ್ ದರ 10 ಪೈಸೆ ಇಳಿದಿತ್ತು ಅನ್ನಿ, ಆದರೆ ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿಗೆಂದು ಯೂನಿಟ್ಟಿಗೆ 36 ಪೈಸೆ ಸೇರಿತ್ತು.

ಈಗ ಬಿಲ್ಲಿನ ದಿನ ಹತ್ತಿರ ಬಂದರೆ ಯಜಮಾನರು ಟಾರ್ಚ್ ಹಿಡಿದು ಮೀಟರಿನ ಮುಂದೆ ನಿಲ್ಲುತ್ತಾರೆ. "ನೂರ ತೊಂಬತ್ತಮೂರು ಕಣೇ, ದೋಸೆಹಿಟ್ಟು ನಾಳಿದ್ದು ರುಬ್ಬು."