ಗೂಡಿನ ಹೊಳಪು, ನೂಲಿನ ಬಲ

ಶಿಡ್ಲಘಟ್ಟದ ರೇಷ್ಮೆ ಗೂಡು ಮಾರುಕಟ್ಟೆಯನ್ನು ಬಲ್ಲವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಗೂಡಿನ ಬಣ್ಣ, ಗಾತ್ರ, ಗಟ್ಟಿತನಗಳು ಹರಾಜಿನ ಹೊತ್ತಿಗೇ ಕಣ್ಣಿಗೂ ಕೈಗೂ ಸಿಗುತ್ತವೆ. ಎಳೆ ತುಂಡಾಗದೆ ಎಷ್ಟು ನೂಲು ಬಂದೀತೆಂಬುದು ಮಾತ್ರ ಬಿಸಿನೀರಿನಲ್ಲಿ ಬೇಯಿಸಿ ಬಿಚ್ಚಿದ ಮೇಲೆಯೇ ಗೊತ್ತಾಗುವುದು. ಇತ್ತೀಚಿನ ಚಲನಚಿತ್ರಗಳನ್ನು ನೋಡುವಾಗ ನನಗೆ ಈ ವ್ಯವಹಾರ ನೆನಪಾಗುತ್ತದೆ. ಛಾಯಾಗ್ರಹಣ ಕಣ್ಣು ಕೋರೈಸುತ್ತದೆ. ಕಥೆಯ ಎಳೆ ಮಧ್ಯಂತರದಲ್ಲೇ ಕಡಿದಿರುತ್ತದೆ.

ಇದಕ್ಕೆ ಬರಹಗಾರರ ಕೊರತೆಯೇ ಕಾರಣವೆಂದು ನಾನು ಭಾವಿಸುವುದಿಲ್ಲ. ಕಾರಣ ಬಹುಮಟ್ಟಿಗೆ ಆರ್ಥಿಕವಾದುದು. ಕ್ಯಾಮೆರಾ, ದೀಪ, ಸೆಟ್, ಗ್ರಾಫಿಕ್ಸ್, ಅವುಗಳಲ್ಲಿ ಪಳಗಿದ ತಂತ್ರಜ್ಞರು ಎಲ್ಲವೂ ಹಣಕ್ಕೆ ದೊರೆಯುತ್ತವೆ. ಫಲವನ್ನು ಎರಡು ನಿಮಿಷದ ಟ್ರೇಲರಿನಲ್ಲಿ ತೋರಿಸಿ ಮಾರಬಹುದು. ಚಿತ್ರಕಥೆಗೆ ಬೇಕಾದುದು ಕಾಲ ಮತ್ತು ತಿದ್ದುವ ತಾಳ್ಮೆ. ಅದರ ಗುಣ ಪ್ರೇಕ್ಷಕನಿಗೆ ತಿಳಿಯುವಷ್ಟರಲ್ಲಿ ಟಿಕೆಟ್ಟಿನ ಹಣ ಸಂದಾಯವಾಗಿರುತ್ತದೆ.

ಎರಡನೆಯ ಕಾರಣ ಭಾಷೆಯ ಗಡಿ. ಚಿಂತಾಮಣಿ, ಗೌರಿಬಿದನೂರುಗಳ ಅನೇಕ ಮನೆಗಳಲ್ಲಿ ಕನ್ನಡ, ತೆಲುಗು ಎರಡೂ ನಡೆಯುತ್ತವೆ. ಇಲ್ಲಿನ ಪ್ರೇಕ್ಷಕ ಎರಡೂ ನುಡಿಗಳ ಸೊಗಸನ್ನು ಸವಿಯಬಲ್ಲ. ದೇಶವ್ಯಾಪಿ ಮಾರುಕಟ್ಟೆಗೆ ಆ ಅನುಕೂಲವಿಲ್ಲ. 2018ರಲ್ಲಿ ‘ಕೆಜಿಎಫ್’ ಐದು ಭಾಷೆಗಳಲ್ಲಿ ತೆರೆಕಂಡು ಗೆದ್ದ ಮೇಲೆ ಆ ಮಾರುಕಟ್ಟೆಯ ಆಸೆ ನಮ್ಮ ನಿರ್ಮಾಪಕರಲ್ಲೂ ಬಲವಾಯಿತು. ಡಬ್ಬಿಂಗ್‌ನಲ್ಲಿ ದೃಶ್ಯ ಹಾಗೆಯೇ ಉಳಿಯುತ್ತದೆ, ನುಡಿಗಟ್ಟು ಸೋರಿಹೋಗುತ್ತದೆ. ಸೋರದ ಕಡೆಗೆ ಬಂಡವಾಳ ಹರಿಯುವುದು ಸಹಜ.

ಪುಟ್ಟಣ್ಣ ಕಣಗಾಲರ ‘ಗೆಜ್ಜೆಪೂಜೆ’ (1969), ‘ಶರಪಂಜರ’ (1971), ‘ನಾಗರಹಾವು’ (1972) ಚಿತ್ರಗಳು ಕ್ರಮವಾಗಿ ಎಂ.ಕೆ. ಇಂದಿರಾ, ತ್ರಿವೇಣಿ, ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿದ್ದವು. ಅಂದರೆ, ಓದುಗರು ಆಗಲೇ ಬಿಚ್ಚಿ ನೋಡಿದ್ದ ಎಳೆ ನಿರ್ದೇಶಕರ ಕೈಗೆ ಬಂದಿತ್ತು. ಹಾಗೆಂದು ದೃಶ್ಯ ಸೊರಗಲಿಲ್ಲ. ‘ನಾಗರಹಾವು’ ಕಂಡವರಿಗೆ ಚಿತ್ರದುರ್ಗದ ಕೋಟೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಚಿತ್ರಗಳಿಗೆ ಸಹಾಯಧನ ನೀಡುವ ಸರ್ಕಾರ ಅದರ ಒಂದು ಪಾಲನ್ನು ಚಿತ್ರೀಕರಣಕ್ಕೆ ಮೊದಲೇ, ಹಸ್ತಪ್ರತಿಯ ಹಂತದಲ್ಲಿ ಲೇಖಕರಿಗೆ ಕೊಡುವುದು ಒಳಿತು. ಬರೆಯಬೇಕಾದ ಕಥೆಗಳಿಗೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ ಬರವಿಲ್ಲ. ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ನಾಗರಕಲ್ಲುಗಳ ಸಾಲನ್ನು, ಹೊಗೆಯನ್ನು, ಚದುರಿ ಓಡುವ ಜನರನ್ನು ಕ್ಯಾಮೆರಾ ಒಂದು ವಾರದಲ್ಲಿ ಸೆರೆಹಿಡಿದೀತು. ಆ ಬೆಳಿಗ್ಗೆ ಒಬ್ಬ ರೈತ ಮನೆಯವರಿಗೆ ಏನೆಂದು ಹೇಳಿ ಹೊರಟಿದ್ದ, ಬಂದೂಕು ಎತ್ತಿದ ಪೇದೆ ರಾತ್ರಿ ಊಟಕ್ಕೆ ಕುಳಿತನೇ ಎಂಬುದನ್ನು ಯಾರಾದರೂ ಕುಳಿತು ಬರೆಯಬೇಕಾಗುತ್ತದೆ.